ಫೋರ್ಕ್‌ಲಿಫ್ಟನ್ನು ಲಾರಿಗೆ ಹತ್ತಿಸಿದ ಕಥೆ

ಪೀಣ್ಯದ ಗೋಡೌನ್ ಒಂದರಲ್ಲಿ 11 ವರ್ಷದಿಂದ 3 ಟನ್ ಸರಕು ಎತ್ತುವ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೇನೆ. ನೋಡೋಕೆ ಚಿಕ್ಕ ಗಾಡಿ. ಆದರೆ ಅದರ ಸ್ವಂತ ತೂಕವೇ 4 ಟನ್ನಿಗಿಂತ ಜಾಸ್ತಿ, ಖಾಲಿ ಇದ್ದಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಎರಡು ಚಕ್ರಗಳ ಮೇಲೆ ಕೂತಿರುತ್ತದೆ. ಸೀಟಿನ ಹಿಂದೆ ದೊಡ್ಡ ಕಬ್ಬಿಣದ ಗಟ್ಟಿ ಇದೆಯಲ್ಲ, ಕೌಂಟರ್‌ವೇಟ್, ಅದೇ ಕಾರಣ. ಈ ಒಂದು ವಿಷಯ ತಲೆಗೆ ಹೋಗೋಕೆ ನನಗೆ ಒಂದು ಮಳೆಗಾಲದ ಬೆಳಗ್ಗೆ ಬೇಕಾಯಿತು.

ಗೋಡೌನನ್ನು ದಾಬಸ್‌ಪೇಟೆಗೆ ಶಿಫ್ಟ್ ಮಾಡುತ್ತಿದ್ದೆವು. ಈ ಗಾಡಿಗೆ ಸಸ್ಪೆನ್ಶನ್ ಇಲ್ಲ, ಗಂಟೆಗೆ 20 ಕಿಲೋಮೀಟರ್ ಹೋದರೆ ಹೆಚ್ಚು, ತುಮಕೂರು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವ ಮಾತೇ ಇಲ್ಲ. ಲಾರಿ ಬಂತು, ಹಿಂದೆ ಎರಡು ಕಬ್ಬಿಣದ ರ‍್ಯಾಂಪ್ ಇಟ್ಟರು. ರಾತ್ರಿ ಮಳೆಗೆ ಅವು ಒದ್ದೆ. ನಾನು ಸುಮ್ನೆ ಫೋರ್ಕ್ (ಸರಕು ಎತ್ತುವ ಎರಡು ಕಬ್ಬಿಣದ ಕೈಗಳು) ಮುಂದೆ ಮಾಡಿಕೊಂಡು ನೇರ ಹತ್ತಿಸಿದೆ. ಅರ್ಧ ಹತ್ತಿದ ಮೇಲೆ ಮುಂದಿನ ಚಕ್ರ ನಿಂತಲ್ಲೇ ಗಿರ್‍ರನೆ ತಿರುಗಿತು, ಲಾರಿ ಒಂದು ಗೇಣು ಮುಂದೆ ಜಾರಿತು, ರ‍್ಯಾಂಪಿನ ತುದಿ ಕರ್‍ರ್ ಅಂತ ಸದ್ದು ಮಾಡಿತು. ಕ್ಲೀನರ್ ಹುಡುಗ "ಅಣ್ಣಾ, ನಿಲ್ಸು ನಿಲ್ಸು" ಅಂತ ಕೂಗಿಕೊಂಡ. ನನಗೆ ಹಾರಿಬಿಡೋಣ ಅನ್ನಿಸಿದ್ದು ನಿಜ. ಹಾರಬಾರದು. ಗಾಡಿ ಮಗುಚಿದರೆ ಹಾರಿದವನ ಮೇಲೇ ಮೇಲಿನ ಕಬ್ಬಿಣದ ಛಾವಣಿ ಬೀಳುತ್ತದೆ. ಬೆಲ್ಟ್ ಹಾಕಿಕೊಂಡು, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಪುಣ್ಯಕ್ಕೆ ಅಷ್ಟಾಗಲಿಲ್ಲ, ಮೆಲ್ಲಗೆ ಹಿಂದಕ್ಕೆ ಇಳಿಸಿದೆ.

ಆಮೇಲೆ ಟೀ ಕುಡಿಯುತ್ತಾ ಯೋಚಿಸಿದಾಗ ಅರ್ಥವಾಯಿತು. ಎಂಜಿನ್ ಶಕ್ತಿ ಹೋಗೋದು ಮುಂದಿನ ಚಕ್ರಕ್ಕೆ, ಏರಿನಲ್ಲಿ ಮೂತಿ ಮೇಲೆ ಮಾಡಿದರೆ ಇದ್ದ ಭಾರವೂ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗುತ್ತದೆ, ಹಿಡಿತ ಎಲ್ಲಿಂದ ಬರಬೇಕು? ಖಾಲಿ ಗಾಡಿಯಾದರೆ ರಿವರ್ಸಿನಲ್ಲಿ ಹತ್ತಬೇಕು, ಇಳಿಯುವಾಗ ಮುಂದಕ್ಕೆ. ಲೋಡ್ ಇದ್ದರೆ ಉಲ್ಟಾ: ಮುಂದಕ್ಕೆ ಹತ್ತಿ, ರಿವರ್ಸಿನಲ್ಲಿ ಇಳಿಯಬೇಕು. ಭಾರ ಇರುವ ತುದಿ ಯಾವಾಗಲೂ ಏರಿನ ಮೇಲ್ಗಡೆಗೆ, ಅಷ್ಟೇ ಲೆಕ್ಕ.

ಎರಡನೇ ಸಲ ರ‍್ಯಾಂಪ್ ಒರೆಸಿ, ಲಾರಿ ಚಕ್ರಗಳಿಗೆ ಕಲ್ಲು ಕೊಟ್ಟು (ಹ್ಯಾಂಡ್‌ಬ್ರೇಕ್ ನಂಬಿ ಕೂತಿದ್ದೇ ಮೊದಲ ತಪ್ಪು), ಪಕ್ಕದಲ್ಲಿ ಯಾರೂ ನಿಲ್ಲದ ಹಾಗೆ ನೋಡಿಕೊಂಡು ರಿವರ್ಸಿನಲ್ಲಿ ಹತ್ತಿಸಿದೆ. ಒಂದೇ ಸಲಕ್ಕೆ ಹತ್ತಿತು. ಮೇಲೆ ಸ್ಟೀರಿಂಗ್ ಜಾಸ್ತಿ ತಿರುಗಿಸಲಿಲ್ಲ, ಯಾಕೆಂದರೆ ಇದು ತಿರುಗೋದು ಹಿಂದಿನ ಚಕ್ರದಿಂದ, ನಾವು ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಗೋಡೌನಿನಲ್ಲಿ ಹೆಲ್ಪರ್‌ಗಳ ಕಾಲಿಗೆ ಪೆಟ್ಟಾಗೋದು ಹೆಚ್ಚಾಗಿ ಹೀಗೇ ಅಲ್ವಾ.

ನಿಲ್ಲಿಸಿದ ಮೇಲೆ ಫೋರ್ಕ್ ಪೂರ್ತಿ ಕೆಳಗೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕೀ ನನ್ನ ಜೇಬಿಗೆ. ಚೈನ್ ಕಟ್ಟುವಾಗ ಲಾರಿಯವರು ಮಾಸ್ಟಿಗೂ (ಫೋರ್ಕ್ ಏರಿಳಿಯುವ ಮುಂದಿನ ಕಂಬ) ಛಾವಣಿ ಕಂಬಕ್ಕೂ ಸುತ್ತಲು ಹೊರಟರು, ಬೇಡ ಅಂದೆ. ಚಾಸಿಗೆ ಸೇರಿಸಿ ನಾಲ್ಕೂ ಮೂಲೆಗೆ ಎಳೆದು ಕಟ್ಟಿದೆವು, ಹೈಡ್ರಾಲಿಕ್ ಪೈಪಿಗೆ ಎಲ್ಲೂ ತಾಗದ ಹಾಗೆ. ಗಾಡಿಯ ಎತ್ತರ 2 ಮೀಟರ್ ಮೇಲಿದೆ, ಅದಕ್ಕೆ ಲಾರಿಯ ಎತ್ತರ ಸೇರಿಸಿದರೆ ಪೀಣ್ಯದ ಕ್ರಾಸುಗಳಲ್ಲಿ ಜೋತಾಡುವ ಕೇಬಲ್ ಸಿಗೋದು ಗ್ಯಾರಂಟಿ. ಮುಖ್ಯ ರಸ್ತೆ ಸೇರುವ ತನಕ ಕ್ಲೀನರ್ ಮುಂದೆ ನಡೆದುಕೊಂಡೇ ಹೋದ. ನೆಲಮಂಗಲದಲ್ಲಿ ನಿಲ್ಲಿಸಿ ಮುಟ್ಟಿ ನೋಡಿದರೆ ಒಂದು ಚೈನ್ ಸಡಿಲವಾಗಿತ್ತು, ಮತ್ತೆ ಬಿಗಿ ಮಾಡಿದೆವು.

ದಾಬಸ್‌ಪೇಟೆಯಲ್ಲಿ ಇಳಿಸಿದ ಮೇಲೆ ನೋಡಿದರೆ ಹಿಂದಿನ ಚಕ್ರ ನಿಂತಿದ್ದ ಜಾಗದಲ್ಲಿ ಲಾರಿಯ ಹಲಗೆ ಉದ್ದಕ್ಕೆ ಸೀಳಿತ್ತು. ಚಕ್ರದ ಕೆಳಗೆ ಒಂದು ಕಬ್ಬಿಣದ ಪ್ಲೇಟ್ ಹಾಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಲಾರಿಯವರು ಹಲಗೆ ದುಡ್ಡು ಕೇಳಿದರು. ಕೊಟ್ಟೆವು.