ಮಳೆಗಾಲದ ಒಂದು ವಾರ, ನಾಲ್ಕು ಕೌದಿ

ಜುಲೈ ಮೊದಲ ವಾರ. ಮುಲುಂಡ್‌ನ ಮನೆಯಲ್ಲಿ ಈಗ ನಾಲ್ಕು ಕೌದಿ ನಾಲ್ಕು ಹಂತದಲ್ಲಿವೆ. ಮುಂಬಯಿಯ ಶಿವಡಿಯ ರಾಜಹಂಸಗಳದ್ದು (ಫ್ಲೆಮಿಂಗೊ) ಹೊಲಿಗೆ ಮುಗಿಯುತ್ತ ಬಂದಿದೆ. ಲೋಕಲ್ ರೈಲಿನ ಕಿಟಕಿಯದ್ದು ಅರ್ಧ ಆಗಿದೆ. ಇಳಕಲ್ ಸೀರೆ, ಕುಪ್ಪಸದ ಖಣದ ತುಂಡುಗಳ ಕವಂದಿ (ಸಿದ್ದಿಗಳ ಕೈಹೊಲಿಗೆಯ ಕೌದಿ) ಅಂಚಿನಿಂದ ಒಂದು ಗೇಣು ಒಳಗೆ ಬಂದಿದೆ. ಇನ್ನೊಂದಕ್ಕೆ ಅಂಚುಪಟ್ಟಿ ಮಾತ್ರ ಬಾಕಿ. ಒಂದೇ ಸಲ ನಾಲ್ಕನ್ನು ಹಿಡಿಯುವುದಕ್ಕೆ ಕಾರಣವಿದೆ. ಮೆಷೀನ್ ಮೇಲೆ ಫ್ರೀ ಮೋಷನ್ ಹೊಲಿಗೆ (ಬಟ್ಟೆಯನ್ನು ಕೈಯಿಂದಲೇ ಸರಿಸುತ್ತ ಹೊಲಿಯುವುದು) ಎರಡು ಗಂಟೆ ದಾಟಿದರೆ ಭುಜ ಬಿಗಿದು ಗೆರೆ ನಡುಗುತ್ತದೆ. ಒದ್ದೆ ಮಾಡಿ ಹರಡಿದ್ದು ಮುಂಬಯಿಯ ಈ ಹವೆಯಲ್ಲಿ ಒಣಗಲು ಎರಡು ದಿನ ಬೇಕು. ಆ ಬಿಡುವಿನಲ್ಲಿ ಕೈಹೊಲಿಗೆ ಸಾಗುತ್ತದೆ.

ರಾಜಹಂಸದ ಕೌದಿ ಈ ವಾರ ಹೆಚ್ಚು ಹೊತ್ತು ತಿಂದಿತು. ಅಳತೆ 36 ಇಂಚು ಅಗಲ, 24 ಇಂಚು ಎತ್ತರ. ಮೇಲ್ಪದರವನ್ನು 38ಕ್ಕೆ 26 ಕತ್ತರಿಸಿದ್ದೆ. ಕೆಳಗಿನ ಅರ್ಧ ಕೆಸರು ಮತ್ತು ನೀರು, ಮೇಲಿನ ಅರ್ಧ ಆಕಾಶ. ಕೆಸರಿಗೆ 3 ಮಿಲಿಮೀಟರ್ ಅಂತರದಲ್ಲಿ ಅಡ್ಡಗೆರೆ ಹೊಲಿದೆ, ಆಕಾಶವನ್ನು ಎರಡೆರಡು ಇಂಚಿಗೆ ಒಂದು ಗೆರೆಯಂತೆ ಖಾಲಿ ಬಿಟ್ಟೆ. ನೆಲದ ಮೇಲೆ ಹಾಸಿ ನೋಡಿದರೆ ಆಕಾಶ ಹಪ್ಪಳದಂತೆ ಉಬ್ಬಿ ಅಂಚು ಅಲೆಯಾಗಿತ್ತು. ಅಳೆದಾಗ ಕೆಳಗಿನ ಅಂಚು 36¼, ಮೇಲಿನ ಅಂಚು 37½.

ಒಂದೂಕಾಲು ಇಂಚಿನ ಈ ವ್ಯತ್ಯಾಸ ಕತ್ತರಿಸುವಾಗಿನ ತಪ್ಪಲ್ಲ. ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ನಡುವಿನ ಮೆತ್ತನೆಯ ಪದರವಾದ ವ್ಯಾಡಿಂಗ್‌ನೊಳಗೆ ಒತ್ತಿ ಹಿಡಿಯುತ್ತದೆ. ಬಟ್ಟೆ ಏರಿಳಿದು ಸಾಗುವುದರಿಂದ ಅಷ್ಟು ಅಗಲ ಕಡಿಮೆಯಾಗುತ್ತದೆ. ಹೊಲಿಗೆ ಒತ್ತಾಗಿರುವಲ್ಲಿ ಕೌದಿ ಹೆಚ್ಚು ಕುಗ್ಗುತ್ತದೆ, ವಿರಳವಾಗಿರುವಲ್ಲಿ ಮೂಲ ಅಳತೆಯಲ್ಲೇ ಉಳಿಯುತ್ತದೆ. ಇಸ್ತ್ರಿ ಹೊಡೆದರೆ, ಅಂಚು ಕತ್ತರಿಸಿ ಚೌಕ ಮಾಡಿದರೆ ಇದು ಸರಿಹೋಗುವುದಿಲ್ಲ. ಗೋಡೆಗೆ ತೂಗಿದ ಮಾರನೆಯ ದಿನವೇ ಉಬ್ಬು ಮರಳಿ ಬರುತ್ತದೆ. ದಾರಿ ಎರಡೇ: ಕೆಸರಿನ ಹೊಲಿಗೆ ಬಿಚ್ಚುವುದು, ಇಲ್ಲವೇ ಆಕಾಶಕ್ಕೂ ಹೊಲಿಗೆ ತುಂಬುವುದು. ಎರಡನೆಯದನ್ನು ಹಿಡಿದೆ. ಆಕಾಶದ ಬಣ್ಣಕ್ಕೆ ಹೊಂದುವ 60ನೆಯ ನಂಬರಿನ ತೆಳು ದಾರ, 75/11 ಅಳತೆಯ ಸೂಜಿ, 6 ಮಿಲಿಮೀಟರ್ ಅಂತರದ ಮೋಡದ ಗೆರೆ. ತೆಳು ದಾರವಾದ್ದರಿಂದ ಕಣ್ಣಿಗೆ ಹೊಲಿಗೆ ಬೀಳುವುದಿಲ್ಲ, ಬಟ್ಟೆಯ ನೆರಳಷ್ಟೇ ಕಾಣುತ್ತದೆ. ನಡುವಿನಿಂದ ಹೊರಕ್ಕೆ ಹೊಲಿದುಕೊಂಡು ಬಂದರೆ ಉಬ್ಬಿದ ಬಟ್ಟೆ ಅಂಚಿನ ಕಡೆಗೆ ಸರಿಯುತ್ತದೆ. ಅಂಚಿನಿಂದ ಶುರುಮಾಡಿದರೆ ನಡುವೆ ಸಿಕ್ಕಿಬಿದ್ದು ನೆರಿಗೆಯಾಗುತ್ತದೆ. ಮೂರು ದಿನ ಹೊಲಿದ ಮೇಲೆ ಮೇಲಿನ ಅಂಚು 36½ಕ್ಕೆ ಬಂತು.

ಉಳಿದ ಕಾಲಿಂಚು ನೀರಿನ ಕೆಲಸ. ಮಕ್ಕಳ ಆಟಕ್ಕೆ ಹಾಸುವ ಫೋಮ್ ಮ್ಯಾಟ್‌ಗಳನ್ನು ಜೋಡಿಸಿ, ಕೌದಿ ಹಾಸಿ, ಸ್ಪ್ರೇ ಬಾಟಲಿಯಿಂದ ಎಲ್ಲ ಕಡೆ ಸಮನಾಗಿ ಒದ್ದೆ ಮಾಡಿ, ಎರಡು ಇಂಚಿಗೊಂದು ಗುಂಡುಸೂಜಿ ಚುಚ್ಚಿದೆ. ಮೊದಲು ನಾಲ್ಕು ಬದಿಯ ನಡುಭಾಗ, ಆಮೇಲೆ ಮೂಲೆ. ಎರಡು ಕರ್ಣಗಳೂ ಒಂದೇ ಅಳತೆಗೆ ಬಂದರೆ ಮೂಲೆ ನೇರವಾಗಿದೆ ಎಂದರ್ಥ. 36ಕ್ಕೆ 24 ಆದರೆ ಕರ್ಣ 43¼. ಹೊಲಿದ ಮೇಲೂ ಮೇಲ್ಪದರ ಈ ಅಳತೆಗಿಂತ ಸ್ವಲ್ಪ ದೊಡ್ಡದಾಗಿರುವುದರಿಂದ ಕರ್ಣ ಸಮ ಬರುವವರೆಗೆ ಸೂಜಿ ಸರಿಸುತ್ತ ಹೋಗಬೇಕು. ಫ್ಯಾನಿನ ಕೆಳಗೆ ಎರಡು ರಾತ್ರಿ. ಮುಟ್ಟಿದರೆ ಒಣಗಿದಂತೆ ತೋರುತ್ತದೆ, ಆದರೆ ವ್ಯಾಡಿಂಗ್ ಇನ್ನೂ ಹಸಿ ಇರುತ್ತದೆ. ಆಗಲೇ ಸುತ್ತಿಟ್ಟರೆ ಮುಗ್ಗಲು ವಾಸನೆ ಹಿಡಿದು ಚುಕ್ಕೆ ಬೀಳುತ್ತದೆ.

ನೀಲಿ ಮಾರ್ಕಿಂಗ್ ಪೆನ್ನಿನ ಗೆರೆಯನ್ನು ಇದೇ ನೀರಿನಲ್ಲಿ ತೆಗೆಯಬೇಕು. ಗೆರೆ ಇರುವಾಗ ಇಸ್ತ್ರಿ ತಾಗಿದರೆ ಬಣ್ಣ ಬಟ್ಟೆಯಲ್ಲಿ ಕೂತುಬಿಡುತ್ತದೆ, ಮತ್ತೆ ಹೋಗುವುದು ಕಷ್ಟ. ಗಾಳಿಗೆ ಮಾಯವಾಗುವ ನೇರಳೆ ಪೆನ್ನು ಮಳೆಗಾಲದಲ್ಲಿ ನನಗೆ ಉಪಯೋಗಕ್ಕೆ ಬರುವುದಿಲ್ಲ. ತೇವದ ಗಾಳಿಯಲ್ಲಿ, ಹೊಲಿಯುವ ಮೊದಲೇ ಗೆರೆ ಅಳಿಸಿಹೋಗಿರುತ್ತದೆ.

ಹಕ್ಕಿಗಳು ಇಸ್ತ್ರಿಯ ಬಿಸಿಗೆ ಅಂಟುವ ಫ್ಯೂಸಿಂಗ್ ಪೇಪರ್ ಮೇಲೆ ಅಂಟಿಸಿದ ಗುಲಾಬಿ ಪಾಪ್ಲಿನ್. ಪೇಪರ್ ಮೇಲೆ ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುವಿ ಬರೆಯಬೇಕು, ಇಲ್ಲದಿದ್ದರೆ ಹಕ್ಕಿ ಇನ್ನೊಂದು ಕಡೆ ಮುಖ ಮಾಡುತ್ತದೆ. ಅಂಟಿಸುವ ಮೊದಲು ಬಟ್ಟೆಗೆ ಒಣ ಇಸ್ತ್ರಿ ಹಾಕಿ ತೇವ ತೆಗೆಯುತ್ತೇನೆ. ತೇವವಿದ್ದರೆ ಅಂಟು ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದು ಹೆಚ್ಚು ಹೊತ್ತು ಇಸ್ತ್ರಿ ಒತ್ತಿದರೆ ಅಂಟು ಕರಗಿ ಬಟ್ಟೆಯ ಎಳೆಯೊಳಗೆ ಇಳಿದುಹೋಗುತ್ತದೆ, ಅಂಚು ಇನ್ನಷ್ಟು ಏಳುತ್ತದೆ. ನಡು ಉಷ್ಣತೆಯಲ್ಲಿ ಐದಾರು ಸೆಕೆಂಡು, ಪೂರ್ತಿ ತಣ್ಣಗಾದ ಮೇಲೆ ಕಾಗದ ಬಿಡಿಸುವುದು. ಕಾಲುಗಳನ್ನು ಬಟ್ಟೆಯಲ್ಲಿ ಕತ್ತರಿಸಲಿಲ್ಲ. ಅಷ್ಟು ಸಣ್ಣ ಪಟ್ಟಿ ಎಳೆ ಬಿಟ್ಟುಕೊಳ್ಳುತ್ತದೆ. ಒಂದೇ ಗೆರೆಯ ಮೇಲೆ ಮೂರು ಸಲ ದಾರ ಓಡಿಸಿದರೆ ಕಾಲಿನ ದಪ್ಪ ಬರುತ್ತದೆ. ಶಿವಡಿಗೆ ಬರುವ ಹಿಂಡಿನಲ್ಲಿ ಸಣ್ಣ ರಾಜಹಂಸಗಳೇ ಹೆಚ್ಚು. ಅವುಗಳ ಕೊಕ್ಕು ಪೂರ್ತಿ ಕಡು ಮೆರೂನ್. ದೊಡ್ಡ ರಾಜಹಂಸದ ಗುಲಾಬಿ ಕೊಕ್ಕಿಗೆ ತುದಿ ಮಾತ್ರ ಕಪ್ಪು. ಕೊಕ್ಕಿನ ಬಟ್ಟೆ ಆರಿಸುವಾಗ ಈ ವ್ಯತ್ಯಾಸ ಮರೆತರೆ ಹಕ್ಕಿಯೇ ಬೇರೆಯಾಗುತ್ತದೆ.

ನೀರಿನ ಹೊಳಪಿಗೆ ಜರಿ ದಾರ ಹಾಕಿದ್ದು ಬಾಬಿನ್‌ನಲ್ಲಿ, ಅಂದರೆ ಮೆಷೀನಿನ ಕೆಳದಾರದ ಉರುಳೆಯಲ್ಲಿ. ಸೂಜಿಯಲ್ಲಿ ಪೋಣಿಸಿದರೆ ಜರಿ ಸೂಜಿಕಣ್ಣಿಗೆ ಉಜ್ಜಿ ಸಿಪ್ಪೆಯೇಳುತ್ತದೆ, ಹತ್ತು ಹೊಲಿಗೆಗೊಮ್ಮೆ ಹರಿಯುತ್ತದೆ. ಬಾಬಿನ್‌ಗೆ ಸುತ್ತಿ, ಕೌದಿಯನ್ನು ಮಗುಚಿ ಅಸ್ತರ್ ಕಡೆಯಿಂದ ಹೊಲಿದರೆ ಜರಿ ಸರಿಯಾದ ಬದಿಗೆ ಬೀಳುತ್ತದೆ. ಬಾಬಿನ್ ಕೇಸಿನ ಸ್ಕ್ರೂ ಕಾಲು ಸುತ್ತು ಸಡಿಲಿಸಬೇಕು. ಇದಕ್ಕೆಂದೇ ಇನ್ನೊಂದು ಕೇಸ್ ಇಟ್ಟುಕೊಂಡಿದ್ದೇನೆ, ಮೆಷೀನಿನ ಜೊತೆ ಬಂದದ್ದರ ಸ್ಕ್ರೂ ಮುಟ್ಟುವುದಿಲ್ಲ.

ಕಿಟಕಿಯ ಕೌದಿಯಲ್ಲಿ ಮಳೆಯ ಗೆರೆಗಳು ವಾಕಿಂಗ್ ಫುಟ್‌ನಿಂದ (ಎಲ್ಲ ಪದರಗಳನ್ನು ಒಟ್ಟಿಗೆ ಸರಿಸುವ ಮೆಷೀನ್ ಪಾದ), 3 ಮಿಲಿಮೀಟರ್ ಹೊಲಿಗೆ. ಹೋದ ವಾರ ಒಂದು ಗೆರೆ ಮೇಲಿಂದ ಕೆಳಕ್ಕೆ, ಪಕ್ಕದ್ದು ಕೆಳಗಿಂದ ಮೇಲಕ್ಕೆ ಹೊಲಿದಿದ್ದೆ. ದಾರ ಕತ್ತರಿಸುವ ಕೆಲಸ ತಪ್ಪಿತು, ಆದರೆ ಎರಡು ಗೆರೆಗಳ ನಡುವಿನ ಬಟ್ಟೆ ವಿರುದ್ಧ ದಿಕ್ಕಿಗೆ ಜಗ್ಗಿ ಓರೆ ಸುಕ್ಕು ಬಿತ್ತು. ಹದಿನಾಲ್ಕು ಗೆರೆ ಬಿಚ್ಚಿದೆ. ಈಗ ಮೊದಲು ನಾಲ್ಕು ಇಂಚಿಗೊಂದು ಗೆರೆ ಹೊಲಿದು ಮೂರೂ ಪದರ ಹಿಡಿಸಿ, ಆಮೇಲೆ ಪ್ರತಿ ಜಾಗವನ್ನೂ ಅರ್ಧಕ್ಕೆ ಭಾಗಿಸುತ್ತ ಹೋಗುತ್ತೇನೆ; ಎಲ್ಲವೂ ಮೇಲಿಂದ ಕೆಳಕ್ಕೇ. ಕಿಟಕಿ ಸರಳಿಗೆ ಬೂದು ಬಟ್ಟೆಯ ಒಂದಿಂಚಿನ ಪಟ್ಟಿ ಮಡಚಿ ಕಾಲಿಂಚಿಗೆ ಹೊಲಿದು ಅಂಚು ಒಳಗೆ ತಿರುವಿದೆ. ಗಾಜಿನ ಮಂಜಿಗೆ ಹಾಸಿದ ತೆಳು ಪಾರದರ್ಶಕ ಬಟ್ಟೆ ಆರ್ಗಾಂಜಾ ಪಾಲಿಯೆಸ್ಟರ್, ಮೇಲೆ ಹತ್ತಿಬಟ್ಟೆ ಇಡದೆ ಇಸ್ತ್ರಿ ತಾಗಿಸಬಾರದು.

ಕವಂದಿಗೆ ಬರುತ್ತೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕ್ರಮವಿದು. ತುಂಡುಗಳನ್ನು ಮೊದಲೇ ಜೋಡಿಸಿ ಆಮೇಲೆ ಹೊಲಿಯುವುದಿಲ್ಲ. ಹೊರ ಅಂಚಿನಲ್ಲಿ ಶುರುಮಾಡಿ, ಒಂದೊಂದೇ ತುಂಡು ಇಟ್ಟು ಅಂಚು ಒಳಮಡಚಿ, ಸುತ್ತುತ್ತ ನಡುವಿಗೆ ಬರುತ್ತಾರೆ. ಜೋಡಣೆ ಮತ್ತು ಕೌದಿ ಹೊಲಿಗೆ ಎರಡೂ ಒಂದೇ ಓಟದಲ್ಲಿ ಆಗುತ್ತವೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಸಿಕ್ಕಿಸುತ್ತಾರೆ. ನನ್ನದು 45ಕ್ಕೆ 60 ಇಂಚು, ಒಳಗೆ ಹಳೆಯ ಧೋತರದ ಎರಡು ಪದರ. ದಾರ ಎಂಟನೆಯ ನಂಬರಿನ ಪರ್ಲ್ ಕಾಟನ್ (ಹುರಿ ಹಾಕಿದ ಹತ್ತಿ ದಾರ), ಒಂದು ಮೊಳಕ್ಕಿಂತ ಉದ್ದ ತೆಗೆಯುವುದಿಲ್ಲ; ಉದ್ದವಾದರೆ ಹುರಿ ಬಿಚ್ಚಿ ಗಂಟಾಗುತ್ತದೆ. ಸಾಲಿನಿಂದ ಸಾಲಿಗೆ ಬೆರಳಗಲ.

ಖಣ ತುಂಬ ಎಳೆ ಬಿಡುವ ಬಟ್ಟೆ. ಪಾಪ್ಲಿನ್‌ಗೆ ಅರ್ಧ ಇಂಚು ಒಳಮಡಿಕೆ ಸಾಕು, ಖಣಕ್ಕೆ ಮುಕ್ಕಾಲು ಕೊಡಬೇಕು. ಈಗ ಸಿಗುವ ಖಣದಲ್ಲಿ ಪಾಲಿಯೆಸ್ಟರ್ ಬಹಳ. ನಾಲ್ಕು ಎಳೆ ತೆಗೆದು ಸುಟ್ಟು ನೋಡಿ: ಗಟ್ಟಿ ಮಣಿಯಾಗಿ ಉಳಿದರೆ ಪಾಲಿಯೆಸ್ಟರ್, ಕಾಗದದಂತೆ ಬೂದಿಯಾದರೆ ಹತ್ತಿ ಅಥವಾ ರೇಯಾನ್, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿಯ ಗೆರೆ ತುಂಡಿನ ಅಂಚಿಗೆ ಬರದಂತೆ, ನಡುವೆ ಬರುವಂತೆ ಕತ್ತರಿಸಿದೆ. ಅಂಚಿಗೆ ಬಂದರೆ ಒಳಮಡಚುವಾಗ ಬಿಚ್ಚಿಕೊಳ್ಳುತ್ತದೆ.

ಮೆರೂನ್ ಸೀರೆಯ ಬಣ್ಣ ಬಿಡುವುದು ದೊಡ್ಡ ತಲೆನೋವು. ಒದ್ದೆ ಬಿಳಿಬಟ್ಟೆಯನ್ನು ಮೇಲಿಟ್ಟು ಹತ್ತು ಸೆಕೆಂಡು ಇಸ್ತ್ರಿ ಒತ್ತಿದರೆ ಗೊತ್ತಾಗುತ್ತದೆ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಹತ್ತಿ ಸೀರೆಯಲ್ಲಿ ನಿಜವಾಗುವುದಿಲ್ಲ. ಅದು ಹೆಚ್ಚುವರಿ ಬಣ್ಣ, ತೊಳೆದೇ ತೆಗೆಯಬೇಕು. ಬಕೆಟ್ ತುಂಬ ಬೆಚ್ಚನೆಯ ನೀರು, ಚೂರು ಡಿಟರ್ಜೆಂಟ್, ಬಿಳಿಬಟ್ಟೆಯ ತುಂಡನ್ನು ಜೊತೆಗೇ ಬಿಟ್ಟು ಅರ್ಧ ಗಂಟೆ. ಆ ತುಂಡು ಬಿಳಿಯಾಗಿಯೇ ಹೊರಬರುವವರೆಗೆ ನೀರು ಬದಲಿಸಿದೆ; ಐದನೆಯ ಬಕೆಟ್‌ಗೆ ಬಂತು. ಕವಂದಿಯನ್ನು ಮನೆಯಲ್ಲಿ ಹೊದೆಯುತ್ತಾರೆ, ಒಗೆಯುತ್ತಾರೆ, ಆದ್ದರಿಂದ ಇಲ್ಲಿ ರಿಯಾಯಿತಿ ಕೊಡುವಂತಿಲ್ಲ.

ನಾಲ್ಕನೆಯದರ ಅಳತೆ 30ಕ್ಕೆ 40. ಅಂಚುಪಟ್ಟಿಗೆ ಸುತ್ತಳತೆ 140, ಮೂಲೆ ಮತ್ತು ಜೋಡಣೆಗೆ 12 ಸೇರಿಸಿ 152 ಇಂಚು. 42 ಇಂಚು ಅಗಲದ ಬಟ್ಟೆಯಿಂದ ಎರಡೂಕಾಲು ಇಂಚಿನ ನಾಲ್ಕು ಪಟ್ಟಿ. ಮಂಗಳದಾಸ್ ಮಾರ್ಕೆಟ್‌ನಿಂದ ತಂದ ಕಾಲು ಮೀಟರ್ ನೀಲಿ ಬಟ್ಟೆ ಸರಿಯಾಗಿ ಸಾಕಾಯಿತು. ಹಿಂದೆ ಕೋಲು ತೂರಲು 9 ಇಂಚು ಅಗಲದ ಬಟ್ಟೆಯ ಕೊಳವೆ, ಸ್ಲೀವ್. ಅದರ ಕೆಳಗಿನ ಅಂಚನ್ನು ಹೊಲಿಯುವಾಗ ಹೊರಬದಿಗೆ ಅರ್ಧ ಇಂಚು ಸಡಿಲ ಬಿಟ್ಟೆ. ಕೋಲಿನ ದಪ್ಪ ಆ ಸಡಿಲಿನಲ್ಲಿ ಕೂರುತ್ತದೆ, ಮುಂಭಾಗ ಉಬ್ಬುವುದಿಲ್ಲ. ಸೂಜಿ ಅಸ್ತರ್ ಮತ್ತು ವ್ಯಾಡಿಂಗ್ ಮಾತ್ರ ಹಿಡಿಯಬೇಕು, ಮುಂದೆ ತೂರಬಾರದು. ಮೂರು ಬದಿ ಮುಗಿದಿದೆ, ಕೆಳಗಿನ ಪಟ್ಟಿಯ ಕೈಹೊಲಿಗೆ ಇಪ್ಪತ್ತು ಇಂಚು ಉಳಿದಿದೆ.