ಡ್ರೈವರಿನ ತಲೆಗೆ ಒಂಬತ್ತು ಮೈಲಿ ವೇಗ ಕೂಡಿಸಿದ ಬಗೆ

ಬೆಂಗಳೂರಿನಲ್ಲಿ ಗಾಲ್ಫ್ ಆಡುವವರನ್ನು ಊರಿನ ಎತ್ತರವೇ ಹೊಗಳಿ ಅಟ್ಟಕ್ಕೇರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳುವಾದ್ದರಿಂದ ಚೆಂಡಿಗೆ ತಡೆ ಕಡಿಮೆ. ಅದು ನಮ್ಮ ಯೋಗ್ಯತೆಗಿಂತ ತುಸು ಹೆಚ್ಚೇ ದೂರ ಹೋಗುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ ಚೆನ್ನೈಗೆ ಹೋಗಿ ಆಡಿದಾಗ, ಇಲ್ಲಿ 210 ಯಾರ್ಡ್ ಹೋಗುತ್ತಿದ್ದ ನನ್ನ ಡ್ರೈವ್, ಅಂದರೆ ಡ್ರೈವರ್ ಎಂಬ ಅತಿ ದೂರ ಹೊಡೆಯುವ ಕ್ಲಬ್ಬಿನ (ಗಾಲ್ಫ್ ಕೋಲಿನ) ಹೊಡೆತ, ಅಲ್ಲಿ 200ರ ಆಸುಪಾಸಿನಲ್ಲೇ ಬಿದ್ದಿತು. ಮರಳಿ ಬಂದ ಮೇಲೆ ದೂರವನ್ನು ನಂಬುವುದನ್ನು ಬಿಟ್ಟು, ಕ್ಲಬ್ಬಿನ ತಲೆ ಚೆಂಡಿಗೆ ತಾಗುವ ಹೊತ್ತಿನ ವೇಗವನ್ನೇ ಲಾಂಚ್ ಮಾನಿಟರ್ ಎಂಬ ಅಳತೆಯ ಯಂತ್ರದಲ್ಲಿ ಅಳೆದು ನೋಡಿದೆ. ಗಂಟೆಗೆ 87 ಮೈಲಿ ಇತ್ತು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಆಟಗಾರರ ಸರಾಸರಿ 113ಕ್ಕೂ ಮೇಲಿರುತ್ತದೆಂಬ ಹೋಲಿಕೆ ನನಗೆ ಬೇಕಿರಲಿಲ್ಲ. ವೇಗ ಒಂದು ಮೈಲಿ ಏರಿದರೆ ಸುಮಾರು ಎರಡೂವರೆ ಯಾರ್ಡ್ ದೊರೆಯುತ್ತದೆ ಎಂಬ ಲೆಕ್ಕ ಮಾತ್ರ ತಲೆಯಲ್ಲಿ ಕುಳಿತಿತ್ತು.

ದೂರವೇ ಸರ್ವಸ್ವವಲ್ಲ ಎಂಬುದು ನಿಜ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟಿಂಗ್ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಬಂದರು. ಆದರೆ ಅಂಥ ಪಟ್ಟಿಂಗ್ ನನಗಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಎರಡು ತಿಂಗಳು ಜಿಮ್‌ನಲ್ಲಿ ತೋಳು ಬೆಳೆಸಿ, ಗ್ರಿಪ್ಪನ್ನು ಬಿಗಿಹಿಡಿದು ಮೈಬಲವನ್ನೆಲ್ಲ ಹಾಕಿ ಬೀಸಿದೆ. ವೇಗ ಒಂದೇ ಮೈಲಿ ಏರಿತು, ಚೆಂಡು ಬಲಕ್ಕೆ ಬಾಗಿ ಹೋಗುವ ಸ್ಲೈಸ್ ಇಮ್ಮಡಿಯಾಯಿತು, ಬಲಮೊಣಕೈಯ ಒಳಬದಿ ನೋಯತೊಡಗಿ ಮೂರು ವಾರ ಕ್ಲಬ್ ಮುಟ್ಟದೆ ಕೂರಬೇಕಾಯಿತು.

ಆ ಬಿಡುವಿನಲ್ಲಿ, ಮೊಬೈಲ್‌ನಲ್ಲಿ ತೆಗೆಸಿಟ್ಟಿದ್ದ ಸ್ಲೋ ಮೋಷನ್ ವಿಡಿಯೊಗಳನ್ನು ನೋಡುತ್ತ ಹೋದಾಗ ರೋಗ ಕಾಣಿಸಿತು. ಕ್ಲಬ್ಬನ್ನು ಹಿಂದಕ್ಕೆತ್ತುವ ಬ್ಯಾಕ್‌ಸ್ವಿಂಗ್‌ನ ತುದಿಯಿಂದ ಎಲ್ಲಕ್ಕಿಂತ ಮೊದಲು ಕೆಳಗಿಳಿಯುತ್ತಿದ್ದುದು ನನ್ನ ಕೈಗಳು; ಅವು ಸೊಂಟದ ಮಟ್ಟಕ್ಕೆ ಬರುವ ಮೊದಲೇ, ಗಾಳ ಎಸೆಯುವವರ ಹಾಗೆ, ಮಣಿಕಟ್ಟಿನ ಮಡಿಕೆ ಬಿಚ್ಚಿಹೋಗುತ್ತಿತ್ತು. ಚಾಟಿ ಬೀಸುವವನನ್ನು ನೋಡಿದವರಿಗೆ ಇದರ ನಷ್ಟ ಅರ್ಥವಾದೀತು. ಹಿಡಿ ನಿಧಾನಿಸಿದಾಗಲೇ ಚಾಟಿಯ ತುದಿಗೆ ವೇಗ ದಾಟುತ್ತದೆ. ಸ್ವಿಂಗ್‌ನಲ್ಲಿಯೂ ಸೊಂಟ, ಎದೆಗೂಡು, ತೋಳು, ಕ್ಲಬ್ ಎಂಬ ಸರದಿಯಲ್ಲಿ ಒಂದೊಂದೂ ತನ್ನ ಗರಿಷ್ಠ ವೇಗ ಮುಟ್ಟಿ, ನಿಧಾನಿಸಿ, ಮುಂದಿನದಕ್ಕೆ ಅದನ್ನು ಒಪ್ಪಿಸಬೇಕು. ನನ್ನಲ್ಲಿ ಸರದಿ ತಲೆಕೆಳಗಾಗಿ, ಕ್ಲಬ್ಬಿನ ಅತಿ ಹೆಚ್ಚಿನ ವೇಗ ಚೆಂಡಿಗೆ ಮೊದಲೇ ಗಾಳಿಯಲ್ಲಿ ಖರ್ಚಾಗುತ್ತಿತ್ತು.

ಅಲ್ಲಿಂದ ಚೆಂಡಿನತ್ತ ಇಳಿಯುವ ಡೌನ್‌ಸ್ವಿಂಗ್ ಮುಗಿಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಅಷ್ಟರೊಳಗೆ ಯೋಚಿಸಿ ತಿದ್ದಿಕೊಳ್ಳುವುದು ಸಾಧ್ಯವಿಲ್ಲದ್ದರಿಂದ, ಮೈಗೇ ಕಲಿಸುವ ಎರಡು ಅಭ್ಯಾಸಗಳನ್ನು ಹಿಡಿದೆ. ಮೊದಲನೆಯದರಲ್ಲಿ ಎರಡೂ ಪಾದ ಜೋಡಿಸಿ ನಿಂತು ಬ್ಯಾಕ್‌ಸ್ವಿಂಗ್ ಆರಂಭಿಸಿ, ಕ್ಲಬ್ ಇನ್ನೂ ಮೇಲೇರುತ್ತಿರುವಾಗಲೇ ಎಡಗಾಲನ್ನು ಗುರಿಯತ್ತ ಇಟ್ಟು ಹೊಡೆಯಬೇಕು. ಮೊದಲ ವಾರ ಹತ್ತರಲ್ಲಿ ಮೂರು ಚೆಂಡು ತಾಗಿದರೆ ಹೆಚ್ಚು. ನೋಡುತ್ತಿದ್ದ, ಆಟಗಾರರ ಚೀಲ ಹೊರುವ ಕ್ಯಾಡಿಯೊಬ್ಬರು, “ಸರ್, ಕಾಲು ಬರೋವರೆಗೂ ಕೈಗೆ ಸ್ವಲ್ಪ ಕಾಯೋಕೆ ಹೇಳಿ” ಎಂದರು. ಹಣ ಕೊಟ್ಟು ಪಡೆದ ಪಾಠಗಳಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ನಾನು ಕೇಳಿರಲಿಲ್ಲ.

ಎರಡನೆಯದು ಕಿವಿಯ ಅಭ್ಯಾಸ. ಡ್ರೈವರನ್ನು ತಲೆಕೆಳಗು ಮಾಡಿ, ಕ್ಲಬ್ಬಿನ ತಲೆಯ ಬಳಿ ದಂಡವನ್ನು ಹಿಡಿದು ಬೀಸಿದರೆ ಸುಂಯ್ ಎಂಬ ಸದ್ದು ಬರುತ್ತದೆ. ಸದ್ದು ಎಲ್ಲಿ ಜೋರಾಗಿದೆಯೋ ಅಲ್ಲಿ ವೇಗ ಹೆಚ್ಚು. ನನ್ನದು ಬಲಭುಜದ ಹತ್ತಿರವೇ ಮುಗಿದುಹೋಗುತ್ತಿತ್ತು. ಗ್ರಿಪ್ ಸಡಿಲಿಸುತ್ತ, ದಿನಕ್ಕೆ ನಲವತ್ತು ಬಾರಿಯಂತೆ ಮಹಡಿಯ ಮೇಲೆ ಬೀಸುತ್ತ, ಆ ಸದ್ದನ್ನು ಚೆಂಡಿನ ಜಾಗವನ್ನು ದಾಟಿಸಲು ಆರು ವಾರ ಹಿಡಿಯಿತು. ಬಲ ಕಡಿಮೆ ಹಾಕಿದಂತೆ ಅನ್ನಿಸಿದ ದಿನವೇ ಮಾನಿಟರ್ ಮೊದಲ ಬಾರಿಗೆ 92 ತೋರಿಸಿತು.

ಕುರ್ಚಿಯ ಕೆಲಸದಿಂದ ಬಿಗಿದ ನನ್ನ ಸೊಂಟ ಬ್ಯಾಕ್‌ಸ್ವಿಂಗ್‌ನಲ್ಲಿ ತಿರುಗುತ್ತಿರಲಿಲ್ಲ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ಅವರಂತೆ ಎಡಹಿಮ್ಮಡಿ ಮೇಲೇಳಲು ಬಿಟ್ಟ ಮೇಲೆ ಭುಜ ಹೆಚ್ಚು ತಿರುಗಿತು. ಇಳಿಯುವಾಗ ಅದೇ ಹಿಮ್ಮಡಿಯನ್ನು ನೆಲಕ್ಕೂರಿ ಎಡಗಾಲನ್ನು ನೀಟುವುದೂ ಸುಲಭವಾಯಿತು. ಆಮೇಲೆ ವಾರಕ್ಕೆ ಮೂರು ದಿನ, ನಡುವೆ ಬಿಡುವಿಟ್ಟು, ಡ್ರೈವರಿಗಿಂತ ಹಗುರಾದ ಕೋಲನ್ನೂ ತುಸು ಭಾರವಾದುದನ್ನೂ ಎರಡೂ ಬದಿಗೆ ಬೀಸಿದೆ.

ಒಂದು ಸಂಕಟ ಮಾತ್ರ ಎದುರಾಯಿತು. ವೇಗ ಏರಿದರೂ ದೂರ ಹೆಚ್ಚೇನೂ ಏರಲಿಲ್ಲ, ಏಕೆಂದರೆ ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದಾಗ ಬರುವ, ಡ್ರೈವರಿಗೆ 1.5ರ ಹತ್ತಿರ ಇರಬೇಕಾದ ಸಂಖ್ಯೆ ನನ್ನಲ್ಲಿ 1.42ರಿಂದ 1.36ಕ್ಕೆ ಕುಸಿದಿತ್ತು. ಕ್ಲಬ್ಬಿನ ಮುಖಕ್ಕೆ ಪೌಡರ್ ಸವರಿ ನೋಡಿದರೆ ಗುರುತೆಲ್ಲ ಕ್ಲಬ್ಬಿನ ಹಿಮ್ಮಡಿಯ ಕಡೆ, ಅಂದರೆ ದಂಡ ಸೇರುವ ಬದಿಯಲ್ಲಿ. ಅರ್ಧ ಅಂಗುಲ ಹಿಂದೆ ಸರಿದು ನಿಂತು, ಎರಡು ತಿಂಗಳು ವೇಗದ ಗೊಡವೆ ಬಿಟ್ಟು ನಡುವಿಗೆ ತಾಗಿಸುವುದನ್ನೇ ಅಭ್ಯಾಸ ಮಾಡಿದೆ.

ಎಂಟು ತಿಂಗಳ ಕೊನೆಗೆ ಅಭ್ಯಾಸದ ಮೈದಾನವಾದ ರೇಂಜ್‌ನಲ್ಲಿ 96 ಮುಟ್ಟಿದೆ. ಆಟ ಶುರುವಾಗುವ ಮೊದಲ ಟೀಯಲ್ಲಿ, ಹಿಂದೆ ನಾಲ್ವರು ಕಾಯುತ್ತ ನಿಂತಾಗ, ಕೈಗಳು ಈಗಲೂ ಕಾಲಿಗಿಂತ ಮೊದಲು ಹೊರಡುತ್ತವೆ. ಚೀಲದ ಪಕ್ಕ ಇಟ್ಟ ಪುಟ್ಟ ರೇಡಾರ್ ಅಲ್ಲಿ ಇದುವರೆಗೆ 93 ದಾಟಿದ್ದನ್ನು ನಾನು ಕಂಡಿಲ್ಲ.