ಕೀಪ್ಯಾಡ್ ಫೋನಿನಲ್ಲಿ ಕೂಡಿದ ಸಭೆ: ನನ್ನ ಅನುಭವ

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ನಮ್ಮ ಚರ್ಚ್ ಗೇಟಿಗೂ ಬೀಗ ಬಿತ್ತು. ಆ ವರ್ಷ ಗರಿಗಳ ಭಾನುವಾರ ಏಪ್ರಿಲ್ 5ಕ್ಕೆ, ಶುಭ ಶುಕ್ರವಾರ 10ಕ್ಕೆ, ಈಸ್ಟರ್ 12ಕ್ಕೆ. ವರ್ಷದಲ್ಲಿ ಸಭೆ ತುಂಬಿ ತುಳುಕುವ ವಾರವೇ ಕೈತಪ್ಪಿ ಹೋಯಿತು. ನಮ್ಮ ಕೋಲಾರ ಆಗ ಗ್ರೀನ್ ಝೋನ್. ಊರಲ್ಲಿ ಕಾಯಿಲೆ ಇಲ್ಲ, ಆದರೂ ಹಿಂದಿನ ಬೀದಿಯ ಆಂಟಿಯನ್ನು ಹೋಗಿ ಮಾತಾಡಿಸುವ ಹಾಗಿಲ್ಲ.

ನಮ್ಮ ಚರ್ಚ್ ಸಭೆಯ ಸ್ತ್ರೀ ಸಂಘದ ಕೆಲಸ ಆಗ ನನ್ನ ಕೈಲಿತ್ತು. ಹುಡುಗರು ಒಂದೆರಡು ವಾರದಲ್ಲೇ ಜೂಮ್ ಆರಾಧನೆ ಶುರು ಮಾಡಿದರು. ಒಳ್ಳೇದೇ. ಆದರೆ ದುಡ್ಡು ಕಟ್ಟದಿದ್ದರೆ ಅದು 40 ನಿಮಿಷಕ್ಕೆ ಕಟ್ ಆಗುತ್ತದೆ. ನಮ್ಮ ಅಯ್ಯನವರ, ಅಂದರೆ ಪಾಸ್ಟರ್ ಅವರ, ಪ್ರಸಂಗ ಎಷ್ಟು ಉದ್ದ ಅಂತ ಗೊತ್ತಲ್ವಾ! ಅದಿರಲಿ, ನಮ್ಮ ಸಂಘದ ಹಿರಿಯರಲ್ಲಿ ಜಾಸ್ತಿ ಜನರ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು. ಊರಿನ ಇ.ಟಿ.ಸಿ.ಎಂ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು, ಒಂಟಿ ಮನೆಯ ಅಜ್ಜಿಯರು. ಜೂಮ್ ಅವರ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಕಾನ್ಫರೆನ್ಸ್ ಕಾಲ್ ಹಿಡಿದೆ. ಮಾಮೂಲಿ ಮೊಬೈಲ್ ನೆಟ್‌ವರ್ಕಿನಲ್ಲಿ ಕರೆ ಮಾಡುವವರ ಜೊತೆ ಇನ್ನು ಐದು ಜನ ಸೇರಬಹುದು, ಅಷ್ಟೇ. ಒಬ್ಬರಿಗೆ ಮಾಡಿ, ಅವರನ್ನು ಹೋಲ್ಡಿನಲ್ಲಿಟ್ಟು, ಇನ್ನೊಬ್ಬರಿಗೆ ಮಾಡಿ, ಸೇರಿಸುತ್ತಾ ಹೋಗಬೇಕು. ಆ ಕಡೆಯವರು ಹಸಿರು ಬಟನ್ ಒತ್ತಿದರೆ ಸಾಕು, ದುಡ್ಡೂ ಇಲ್ಲ. ಕರೆನ್ಸಿ ಮುಗಿದು ಇನ್‌ಕಮಿಂಗ್ ನಿಂತವರಿಗೆ ನಮ್ಮ ಫೋನಿಂದಲೇ ರೀಚಾರ್ಜ್ ಮಾಡಿದೆವು. ಸಂಘವನ್ನು ಐದೈದು ಜನರ ಗುಂಪು ಮಾಡಿ, ಗುಂಪಿಗೊಬ್ಬಳನ್ನು ಕರೆ ಮಾಡಲು ಇಟ್ಟೆವು. ಸಂಜೆ ಏಳು ಗಂಟೆ. ಸೀರಿಯಲ್ ಶೂಟಿಂಗ್ ನಿಂತಿದ್ದ ಕಾಲ, ಯಾರೂ ತಕರಾರು ಮಾಡಲಿಲ್ಲ. ಶೂಟಿಂಗ್ ಮತ್ತೆ ಶುರುವಾದ ಮೇಲೆ, "ಸ್ವಲ್ಪ ಮುಂಚೆ ಮಾಡ್ಬಾರ್ದೇನಮ್ಮಾ?" ಅಂತ ಕೇಳಿದರು. ಆರಕ್ಕೆ ಮಾಡಿದೆವು.

ಇಟ್ಟುಕೊಂಡ ಕಟ್ಟಳೆ ಒಂದೇ. ಕರೆಗೆ ಬಂದವರು ಸುಮ್ನೆ ಕೇಳಿಸಿಕೊಂಡು ಕೂರುವ ಹಾಗಿಲ್ಲ. ಒಬ್ಬರು ಬೈಬಲಿನಿಂದ ಒಂದು ಕೀರ್ತನೆ ಓದಬೇಕು, ಒಬ್ಬರು ಹಾಡಬೇಕು, ಒಬ್ಬರು ಪ್ರಾರ್ಥನೆ ಮಾಡಬೇಕು, ಉಳಿದವರು ಯಾರ ಮನೆಯಲ್ಲಿ ಏನು ಕಷ್ಟ ಅಂತ ತಿಳಿಸಬೇಕು. ಚರ್ಚಿನಲ್ಲಿ ಕೊನೇ ಬೆಂಚು ಬಿಟ್ಟು ಏಳದ ಒಬ್ಬ ಅಜ್ಜಿಗೆ ಓದಲು ಬರದು. 23ನೇ ಕೀರ್ತನೆ ಮಾತ್ರ ಬಾಯಿಪಾಠ. ಸರದಿ ಬಂದಾಗಲೆಲ್ಲ ಅದೇ. ಪ್ರಾರ್ಥನೆ ಕನ್ನಡದಲ್ಲಿ ಶುರುವಾಗಿ, ಮೊಮ್ಮಕ್ಕಳ ವಿಷಯ ಬರುತ್ತಲೇ ತೆಲುಗಿಗೆ ಹೋಗುತ್ತಿತ್ತು. ನಮ್ಮ ಕಡೆ ಅದೇನು ಹೊಸದಲ್ಲ ಬಿಡಿ. "ಧೈರ್ಯವಾಗಿರಿ" ಅಂತ ನಾನು ಎಷ್ಟು ಹೇಳಿದರೂ ಆ ಅಜ್ಜಿಯ ದನಿ ಏಳುತ್ತಿರಲಿಲ್ಲ. "ನಾಳೆ ಕೀರ್ತನೆ ನಿಮ್ದು" ಅಂದರೆ ಮಾರನೇ ದಿನ ಗಂಟಲು ಸರಿಮಾಡಿಕೊಂಡು ಕಾಯುತ್ತಿದ್ದರು. ನನ್ನ ಕಣ್ಣಿಗೆ ಬಿದ್ದ ನಿರೀಕ್ಷೆ, ಭರವಸೆ ಅಂದರೆ ಇದೇ.

ಹಾಡುವುದು ಕಷ್ಟವಾಯಿತು. ಫೋನಿನಲ್ಲಿ ದನಿ ಹಿಂದೆಮುಂದೆ ಆಗುತ್ತದೆ. ಎಲ್ಲರೂ ಹಾಡಿದರೆ ಬರೀ ಗಲಾಟೆ. ಒಬ್ಬರು ಗಟ್ಟಿಯಾಗಿ, ಮಿಕ್ಕವರು ಫೋನ್ ಸ್ವಲ್ಪ ದೂರ ಹಿಡಿದು ಮೆಲ್ಲಗೆ ಅಂತ ಮಾಡಿಕೊಂಡೆವು.

ಈಸ್ಟರ್ ಬೆಳಿಗ್ಗೆ ಐದಕ್ಕೆ ಕರೆಗಳು ಸಾಲಾಗಿ ಹೋದವು. "ಕ್ರಿಸ್ತನು ಎದ್ದಿದ್ದಾನೆ" ಅನ್ನುವುದು, ಆ ಕಡೆಯಿಂದ "ನಿಜವಾಗಿಯೂ ಎದ್ದಿದ್ದಾನೆ" ಅಂತ ಬಂದ ಮೇಲೆ ಅವರು ಇನ್ನೊಬ್ಬರಿಗೆ ಹೇಳುವುದು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಮಾತ್ರ ಫೋನಿನಲ್ಲಿ ಬೇಡ, ಕೂಡಿದಾಗಲೇ ಆಗಲಿ ಅಂದರು ಅಯ್ಯನವರು. ನನಗೂ ಅದೇ ಸರಿ ಅನ್ನಿಸಿತು.

ಜೂನ್ 8ರಿಂದ ಪ್ರಾರ್ಥನಾ ಮಂದಿರ ತೆರೆಯಲು ಸರ್ಕಾರ ಒಪ್ಪಿತು. ಆದರೆ 65 ದಾಟಿದವರು ಮನೆಯಲ್ಲೇ ಇರಿ, ಹಾಡುವ ತಂಡ ಬೇಡ ಅಂತ ಸೂಚನೆ. ಅಂದರೆ ನಮ್ಮ ಗುಂಪಿನ ಅರ್ಧ ಜನ ಮತ್ತೆ ಹೊರಗೇ. ಕರೆ ನಿಲ್ಲಿಸಲಿಲ್ಲ. ಅದು ಒಳ್ಳೇದಾಯಿತು.

2021ರ ಏಪ್ರಿಲ್, ಮೇ ತಿಂಗಳು, ಕೊರೊನಾ ಎರಡನೇ ಅಲೆ, ಬೇರೆಯೇ ಕಥೆ. ಆಗ ನಮ್ಮ ರಿಟೈರ್ಡ್ ನರ್ಸಮ್ಮಂದಿರೇ ಮುಂದೆ ನಿಂತರು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಗುಂಪಿಗೊಂದು ಕೊಂಡು, ಒರೆಸಿ, ಕವರಿಗೆ ಹಾಕಿ, ಬೇಕಾದವರ ಗೇಟಿಗೆ ನೇತು ಹಾಕುತ್ತಿದ್ದೆವು. ಬೆರಳು ತಣ್ಣಗಿದ್ದರೆ ಉಜ್ಜಿಕೊಳ್ಳಿ, ನೇಲ್ ಪಾಲಿಶ್ ಇದ್ದರೆ ತೆಗೀರಿ, ಒಂದು ನಿಮಿಷ ಅಲ್ಲಾಡಬೇಡಿ ಅಂತ ಕರೆಯಲ್ಲೇ ಪಾಠ. ಸಂಜೆ ಮೊದಲು ನಂಬರ್, ಆಮೇಲೆ ಕೀರ್ತನೆ. 94ಕ್ಕಿಂತ ಕೆಳಗಿದ್ದರೆ ಆವತ್ತು ಪ್ರಾರ್ಥನೆ ಚಿಕ್ಕದು. ಫೋನ್ ಇಟ್ಟು ಮೊದಲು ಆಸ್ಪತ್ರೆಗೆ ಗಾಡಿ ನೋಡುತ್ತಿದ್ದೆವು. ಪ್ರಾರ್ಥನೆ ಮಾಡಿದರೆ ಸಾಕು, ಆಸ್ಪತ್ರೆ ಯಾಕೆ ಅನ್ನುವವರೂ ಇದ್ದರು. ಅವರ ಹತ್ತಿರ ವಾದ ಮಾಡಲು ನರ್ಸಮ್ಮನನ್ನೇ ಬಿಡುತ್ತಿದ್ದೆ.

ಆ ಮೇ ತಿಂಗಳಲ್ಲಿ ಟೊಮೇಟೊ ರೇಟು ನೆಲ ಕಚ್ಚಿ ರೈತರು ರಸ್ತೆ ಬದಿಗೆ ಸುರಿದರು. ತೋಟ ಇರುವ ನಮ್ಮವರೊಬ್ಬರು 15 ಕಿಲೋ ಕ್ರೇಟುಗಳನ್ನು ಚರ್ಚ್ ಗೇಟಿನ ಹತ್ತಿರ ಇಳಿಸಿ ಹೋದರು. ಕೂಲಿ ಇಲ್ಲದ ಮನೆಗಳಿಗೆ ಅಕ್ಕಿ, ರಾಗಿ ಹಿಟ್ಟಿನ ಜೊತೆ ಅದೂ ಹೋಯಿತು. ಕ್ರೈಸ್ತರೋ ಅಲ್ಲವೋ ಅಂತ ಕೇಳಲಿಲ್ಲ. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಗೊತ್ತಾಗುತ್ತಿದ್ದದ್ದೂ ಆ ಸಂಜೆ ಕರೆಯಿಂದಲೇ.

ಆ 23ನೇ ಕೀರ್ತನೆಯ ಅಜ್ಜಿ ಉಳಿಯಲಿಲ್ಲ. ಮಣ್ಣಿಗೆ ಐದೇ ಜನ ಹೋಗಬಹುದು ಅಂತ ನಿಯಮ. ಮಗ ಜೇಬಿನಲ್ಲಿ ಫೋನ್ ಆನ್ ಮಾಡಿಟ್ಟಿದ್ದ. ಅಯ್ಯನವರ ಮಾತು ಅರ್ಧಂಬರ್ಧ ಕೇಳಿಸಿತು, ಜೆಸಿಬಿ ಸದ್ದು ಪೂರ್ತಿ ಕೇಳಿಸಿತು. ನಾವು ಮನೆಗಳಿಂದಲೇ ಹಾಡಿದೆವು, ಆವತ್ತು ಎಲ್ಲರೂ ಗಟ್ಟಿಯಾಗಿಯೇ. ಮುಂದಿನ ವಾರ ಅವರ ಸರದಿಯ ದಿನ ಮಗ ತಾನಾಗಿ ಫೋನ್ ಮಾಡಿ, "ಅಕ್ಕಾ, ಅಮ್ಮನ ಬದಲು ನಾನು ಓದ್ಲಾ?" ಅಂದ.

ಈಗ ಕರೆ ವಾರಕ್ಕೊಂದು ದಿನ. ಬೆಂಗಳೂರಿಗೆ ಮಗಳ ಮನೆಗೆ ಹೋದವರೂ ಅಲ್ಲಿಂದಲೇ ಸೇರುತ್ತಾರೆ. ವಿಡಿಯೋಗೆ ಬನ್ನಿ ಅಂತ ಹುಡುಗರು ಕರೆಯುತ್ತಲೇ ಇದ್ದಾರೆ. ಸೀರೆ ಬದಲಾಯಿಸಬೇಕಾಗುತ್ತೆ ಅಂತ ನಮ್ಮವರು ಒಪ್ಪಿಲ್ಲ. ಸ್ತ್ರೀ ಸಂಘದ ಕರೆಯಲ್ಲಿ ಇರುವ ಒಬ್ಬನೇ ಗಂಡಸು ಆ ಮಗ. ಹೆಸರು ತೆಗೆಯೋಣ ಅಂತ ಈವರೆಗೆ ಯಾರೂ ಅಂದಿಲ್ಲ.